ಕಾಲಾ ಅಜರ್‌ ರೋಗದಲ್ಲಿ ಗುಲ್ಮ (ಸ್ಪ್ಲೀನ್ ಎಂಬ ಅಂಗ) ಊದುತ್ತದೆ, ಸರಿ. ಅದರ ಒಳರಚನೆಯೂ ಬದಲಾಗುತ್ತದೆಯೇ?

ಬದಲಾಗುತ್ತದೆ, ಊತಕ್ಕಿಂತ ಗಂಭೀರವಾದ ಹಾನಿ ಅದೇ ಎಂದು ನನಗನಿಸುತ್ತದೆ.

ಆರೋಗ್ಯವಂತ ವಯಸ್ಕರ ಗುಲ್ಮ ಸುಮಾರು 150 ಗ್ರಾಂ ತೂಗುತ್ತದೆ. ಅದರ ಕೆಂಪು ತಿರುಳು ಮುದಿ ರಕ್ತಕಣಗಳನ್ನು ಸೋಸಿ ತೆಗೆಯುತ್ತದೆ. ಬಿಳಿ ತಿರುಳಿನಲ್ಲಿ ರೋಗನಿರೋಧಕ ಟಿ ಮತ್ತು ಬಿ ಕೋಶಗಳು ಪ್ರತ್ಯೇಕ ವಲಯಗಳಲ್ಲಿ ನೆಲೆಸಿ, ಅಂಚಿನಲ್ಲಿ ಸಂಧಿಸಿ ಪರಸ್ಪರ ಸಂಕೇತ ಕೊಡುತ್ತವೆ.

ಮರಳು ನೊಣದ ಕಡಿತದಿಂದ ದೇಹ ಸೇರಿ ಈ ರೋಗ ತರುವ ಲೀಶ್ಮೇನಿಯಾ ಪರಾವಲಂಬಿ, ತನ್ನನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶದೊಳಗೇ ವಂಶ ಬೆಳೆಸುತ್ತದೆ. ಇಂಥ ಕೋಶಗಳು ತುಂಬಿ ಕೆಂಪು ತಿರುಳು ಹಿಗ್ಗುತ್ತದೆ. ಗುಲ್ಮ ಒಂದು ಕಿಲೋ ದಾಟುವುದೂ ಉಂಟು. ಇತ್ತ, ತಣಿಯದ ಉರಿಯೂತದಲ್ಲಿ ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನ್ ಅತಿಯಾಗುತ್ತದೆ. ಬಿಳಿ ತಿರುಳಿನ ವಲಯಗಳನ್ನು ಹಿಡಿದಿಡುವ ಆಧಾರ ಕೋಶಗಳು ಇದರಿಂದ ನಾಶವಾಗುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆಧಾರ ಕುಸಿದ ಮೇಲೆ ಟಿ ಕೋಶಗಳು ದಾರಿ ತಪ್ಪುತ್ತವೆ, ಪ್ರತಿರೋಧ ಸೊರಗುತ್ತದೆ, ಬೇರೆ ಸೋಂಕುಗಳೂ ಸುಲಭವಾಗಿ ಅಂಟುತ್ತವೆ.

ಹಿಗ್ಗಿದ ಗುಲ್ಮದಲ್ಲಿ ರಕ್ತಕಣಗಳು ಸಿಕ್ಕಿಕೊಳ್ಳುವುದರಿಂದ ರಕ್ತಹೀನತೆಯೂ ಹೆಚ್ಚುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಊತ ನಿಧಾನವಾಗಿ ಇಳಿಯುತ್ತದೆ.