ಸಂಘದ ಲೆಕ್ಕ ಒಬ್ಬರಿಗೇ ಗೊತ್ತು, ಉಳಿದವರಿಗೆ ಕಲಿಸುವುದು ಹೇಗೆ?

ಪ್ರಶ್ನೆ: ಗುಳೇದಗುಡ್ಡ ತಾಲ್ಲೂಕಿನ ನಮ್ಮ ಹಳ್ಳಿಯ ಮಹಿಳಾ ಸ್ವಸಹಾಯ ಸಂಘದಲ್ಲಿ 12 ಜನರಿದ್ದೇವೆ. ಲೆಕ್ಕ ಬರೆಯುವ ಅಕ್ಕ ಊರು ಬಿಟ್ಟರೆ ಏನು ಮಾಡೋದು?

ಉತ್ತರ: ಒಂದು ದಿನದ ತರಬೇತಿಗೆ ಎಲ್ಲರನ್ನೂ ಕಳಿಸಿದರೆ ಇದು ಬಗೆಹರಿಯುವುದಿಲ್ಲ. ಕಲಿಕೆ ವಾರದ ಸಭೆಯಲ್ಲೇ, ನಿಮ್ಮದೇ ಪುಸ್ತಕಗಳ ಮೇಲೆ ಆಗಬೇಕು. ಇಬ್ಬರನ್ನು ಆರಿಸಿ. ಮೊದಲ ನಾಲ್ಕು ಸಭೆ ಅವರು ಪಕ್ಕದಲ್ಲಿ ಕೂತು ನೋಡಲಿ, ಮುಂದಿನ ನಾಲ್ಕು ಸಭೆ ಅವರೇ ಬರೆಯಲಿ, ಅಕ್ಕ ತಿದ್ದಲಿ. ಅವಸರ ಮಾಡಿ ಪೆನ್ನು ಕಸಿದುಕೊಂಡರೆ ಯಾರೂ ಕಲಿಯುವುದಿಲ್ಲ. ಹೆಚ್ಚಿನ ಕಡೆ ಕೆಡುವುದು ಇಲ್ಲೇ.

ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕ ಸುಲಭ. ಕಷ್ಟ ಇರುವುದು ಬಡ್ಡಿಯಲ್ಲಿ. 5,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 1 ರೂಪಾಯಿಯಂತೆ ಮೊದಲ ತಿಂಗಳು 50. ಅಸಲಿನಲ್ಲಿ 500 ಕಟ್ಟಿದರೆ ಮುಂದಿನ ತಿಂಗಳ ಬಡ್ಡಿ 4,500ಕ್ಕೆ, ಅಂದರೆ 45. ಹೊಸಬರು ಮತ್ತೆ 50 ಅಂತಲೇ ಬರೆಯುತ್ತಾರೆ. ಅದರಿಂದಲೇ ಜಗಳ ಹುಟ್ಟುತ್ತದೆ. ಹತ್ತು ಸಲ ಹಲಗೆಯ ಮೇಲೆ ಮಾಡಿಸಿ.

ಸಭೆ ಮುಗಿಯುವ ಮುನ್ನ ಹಿಂದಿನ ಶಿಲ್ಕಿಗೆ (ಉಳಿದ ಹಣಕ್ಕೆ) ಜಮಾ ಕೂಡಿಸಿ, ಖರ್ಚು ಕಳೆದು, ಪೆಟ್ಟಿಗೆಯ ಹಣ ಎಣಿಸಿ ತಾಳೆ ನೋಡಿ. ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಿ. ಓದು ಬಾರದವರೂ ತಮ್ಮ ಉಳಿತಾಯ, ಬಾಕಿ ನೆನಪಿಟ್ಟು ತಪ್ಪು ಹಿಡಿಯುತ್ತಾರೆ, ಅವರ ಮಾತು ಕೇಳಿ. ಬ್ಯಾಂಕಿಗೂ ಪ್ರತಿ ಸಲ ಹೋದವರೇ ಹೋಗದೆ, ಸರದಿಯಂತೆ ಒಬ್ಬ ಹೊಸ ಸದಸ್ಯೆ ಜೊತೆಗಿರಲಿ.