'ಹೋಮ್ ಮೂವೀಸ್': ಮೊದಲ ಸೀಸನ್ನಿನಲ್ಲಿ ಗೆರೆಗಳು ನಡುಗುವುದೇಕೆ?
ಮುಖ್ಯ ಪಾತ್ರವಾದ ಬ್ರೆಂಡನ್ ಸುಮ್ಮನೆ ಕುಳಿತಿರುವಾಗಲೂ ಅವನ ಅಂಚುಗೆರೆಗಳು ನಡುಗಲು ಕಾರಣ ಬಹುಶಃ ನಿಮ್ಮ ಡಿವಿಡಿಯ ದೋಷವಲ್ಲ, 'ಹೋಮ್ ಮೂವೀಸ್' ಎಂಬ ಅಮೆರಿಕನ್ ಅನಿಮೇಷನ್ ಸರಣಿಯ ಮೊದಲ ಸೀಸನ್ನಿಗೆ ಬಳಸಿದ ಸ್ಕ್ವಿಗಲ್‌ವಿಷನ್ ತಂತ್ರ. ಅದರಲ್ಲಿ ಒಂದೇ ಚಿತ್ರವನ್ನು ತುಸು ಬೇರೆಯಾಗಿ ಬರೆದ ಕೆಲವು ಪ್ರತಿಗಳು ಒಂದರ ಹಿಂದೊಂದು ಮರಳಿ ಮರಳಿ ಬರುವುದರಿಂದ ಗೆರೆ ಎಂದೂ ನಿಶ್ಚಲವಾಗುವುದಿಲ್ಲ.

ಟಿವಿಯ ಸೆಟ್ಟಿಂಗ್ ಮುಟ್ಟದೆ, ಮೊದಲು ಎರಡನೇ ಸೀಸನ್ನಿನ ಯಾವುದಾದರೂ ಕಂತನ್ನು ಹಾಕಿ ನೋಡಿರಿ. ಅಲ್ಲಿಂದ ಮುಂದೆ ಫ್ಲ್ಯಾಶ್ ಎಂಬ ಕಂಪ್ಯೂಟರ್ ತಂತ್ರಾಂಶದ ಅನಿಮೇಷನ್ ಬಳಸಿರುವುದರಿಂದ ಗೆರೆಗಳು ಸ್ಥಿರವಾಗಿರಬೇಕು. ಅಲ್ಲಿಯೂ ನಡುಗಿದರೆ ಬೇರೊಂದು ಚಿತ್ರದ ಡಿಸ್ಕ್ ಹಾಕಿರಿ. ಅದೂ ನಡುಗಿದರೆ ತೊಂದರೆ ಪ್ಲೇಯರಿನದೋ ಕೇಬಲ್ಲಿನದೋ ಎಂದು ಇಲ್ಲಿಂದ ಹೇಳಲಾಗದು. ಕೇಬಲ್ ಬದಲಿಸಿ ನೋಡಿರಿ.

ಕಣ್ಣಿಗೆ ಆಯಾಸವಾಗುವುದಾದರೆ ಎರಡನೇ ಸೀಸನ್ನಿನಿಂದಲೇ ಆರಂಭಿಸಬಹುದು. ಆದರೆ ಮೊದಲ 13 ಕಂತುಗಳನ್ನು ಪೂರ್ತಿ ಬಿಡಬೇಡಿರಿ. ಕಲಾವಿದರು ಸಂಭಾಷಣೆಯನ್ನು ಆಶುವಾಗಿ ಆಡಿದ ಸೊಗಸು ಅಲ್ಲಿಯೇ ಹೆಚ್ಚು.