ಓದುಗರ ಪ್ರಶ್ನೆ: ಪಾತ್ರ ಕಣ್ಣಿಗೆ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಸಣ್ಣಕತೆಗಳನ್ನು ಬರೆಯುತ್ತೇನೆ. ಪ್ರತಿಯೊಂದು ಪಾತ್ರ ಕತೆಯೊಳಗೆ ಬಂದೊಡನೆ ಅದರ ಎತ್ತರ, ಮೈಬಣ್ಣ, ಮೂಗು, ಕಣ್ಣು, ಉಟ್ಟ ಬಟ್ಟೆ ಎಲ್ಲವನ್ನೂ ವಿವರಿಸುತ್ತೇನೆ. ಆದರೂ ಓದಿದ ಗೆಳೆಯರು ಯಾವ ಪಾತ್ರವೂ ಕಣ್ಣಿಗೆ ಕಟ್ಟುವುದಿಲ್ಲ ಎನ್ನುತ್ತಾರೆ. ಇನ್ನೂ ಹೆಚ್ಚು ವಿವರ ಬೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಹೆಚ್ಚು ಬೇಡ, ಬೇರೆ ಬಗೆಯ ವಿವರ ಬೇಕು. ಎತ್ತರ, ಬಣ್ಣ, ಮೂಗುಗಳು ಹುಟ್ಟಿನಿಂದ ಬಂದವು. ಅವುಗಳಿಂದ ಒಬ್ಬನನ್ನು ಗುರುತು ಹಿಡಿಯಬಹುದೇ ಹೊರತು ಅವನ ಸ್ವಭಾವವನ್ನು ಅರಿಯಲಾಗದು. ಆದರೆ ಸಾಲ ಕೇಳಲು ಹೊರಟವನೊಬ್ಬ ಮಾಸಿದ ಅಂಗಿಯ ಕೊನೆಯ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಾನೆ ಎಂದು ಬರೆದರೆ ಅವನ ಬಡತನವೂ ಮಾನದ ಚಿಂತೆಯೂ ಒಟ್ಟಿಗೆ ತಿಳಿಯುತ್ತವೆ. ಇಲ್ಲಿ ಉಡುಗೆಯೇ ಒಂದು ನಡತೆಯಾಗಿದೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಬ್ರಾಹ್ಮಣರ ಅಗ್ರಹಾರವೊಂದರ ವಿದ್ವಾಂಸ ಪ್ರಾಣೇಶಾಚಾರ್ಯರು ರೋಗಪೀಡಿತ ಪತ್ನಿ ಭಾಗೀರಥಿಗೆ ಸ್ನಾನ ಮಾಡಿಸುವುದರೊಂದಿಗೆ ಕಾದಂಬರಿ ತೊಡಗುತ್ತದೆ. ಆಚಾರ್ಯರ ಕರ್ತವ್ಯನಿಷ್ಠೆ, ಆ ನಿಷ್ಠೆಯನ್ನೇ ತಪಸ್ಸಾಗಿ ಮಾಡಿಕೊಂಡ ಅವರ ಬಾಳಿನ ಕ್ರಮ, ಆ ಕ್ರಮದೊಳಗೆ ಅವರು ಕಳೆದುಕೊಂಡಿರುವುದು, ಇವೆಲ್ಲವುಗಳ ಬೀಜ ಆ ನಿತ್ಯದ ಕೆಲಸದಲ್ಲೇ ಇದೆ. ಮುಂದೆ, ಆಚಾರಗಳನ್ನು ಮುರಿದು ಬಾಳಿದ ನಾರಣಪ್ಪ ಸತ್ತಾಗ, ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ತರ್ಕಿಸುತ್ತಿರುವಾಗ, ಅವನೊಡನೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಆ ಒಂದು ಕ್ರಿಯೆ ಎಷ್ಟು ಜನರನ್ನು ಬಯಲಿಗೆ ತರುತ್ತದೆ ಎಂಬುದನ್ನು ಗಮನಿಸಿ. ಅವಳ ನಿಷ್ಠೆ ನಮಗೆ ತಿಳಿಯುತ್ತದೆ. ಜೊತೆಗೆ, ಅದುವರೆಗೆ ಮೈಲಿಗೆಗೆ ಹೆದರಿ ಹಿಂಜರಿಯುತ್ತಿದ್ದವರಲ್ಲಿ ಆಸೆಯೂ, ಚಿನ್ನ ಇನ್ನೊಬ್ಬನ ಪಾಲಾದೀತೆಂಬ ಅಸೂಯೆಯೂ ಮೂಡುತ್ತವೆ. ಅವರು ಲೋಭಿಗಳೆಂದು ನಿರೂಪಕ ಹೇಳಿದ್ದರೆ ನಾವು ಬರಿದೆ ನಂಬುತ್ತಿದ್ದೆವು. ಒಡವೆಯ ಎದುರು ನಿಲ್ಲಿಸಿದ್ದರಿಂದ ಕಾಣುತ್ತೇವೆ. ಶಾಸ್ತ್ರದ ತೀರ್ಮಾನ ಬಾರದೇ ಹೋದಾಗ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ನೆರವಿನಿಂದ ಇರುಳಿನಲ್ಲಿ ಶವವನ್ನು ದಹನ ಮಾಡಿಸುವವಳೂ ಚಂದ್ರಿಯೇ. ಅವಳ ರೂಪವರ್ಣನೆ ಕಾದಂಬರಿಯಲ್ಲಿ ಇಲ್ಲದಿಲ್ಲ, ಆದರೆ ಅವಳು ಓದುಗರ ಗೌರವವನ್ನು ಗಳಿಸುವುದು ಈ ಎರಡು ನಡೆಗಳಿಂದ.

ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದೂ ಅಷ್ಟೇ ಮುಖ್ಯ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಊರಿನವರಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ಪ್ರಕೃತಿ ವೀಕ್ಷಕನನ್ನು ಕಾಣುತ್ತಾರೆ. ಮನುಷ್ಯ ಒಬ್ಬನೇ, ನೋಟಗಳು ಎರಡು. ಆ ನೋಟಗಳು ನೋಡುವವರ ಸ್ವಭಾವವನ್ನೂ ಹೇಳುತ್ತವೆ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೈಬಣ್ಣವನ್ನೋ ಅಂಗವೈಕಲ್ಯವನ್ನೋ ಕೆಡುಕಿನ ಗುರುತಾಗಿ ಬಳಸುವ ರೂಢಿ ನಮ್ಮಲ್ಲಿ ಹಳೆಯದು. ಮಂಥರೆಯ ಗೂನು ಎಲ್ಲರಿಗೂ ಗೊತ್ತು. ಇಂದು ಬರೆಯುವವರು ಅದನ್ನು ಮುಂದುವರಿಸಬಾರದೆಂದೇ ನನ್ನ ದೃಢ ಅಭಿಪ್ರಾಯ. ಅದು ಅನ್ಯಾಯ, ಮೇಲಾಗಿ ಪಾತ್ರವನ್ನು ಅರಿಯುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿ.

ನಿಮ್ಮ ಕತೆಯಲ್ಲಿ ಒಬ್ಬ ಯಜಮಾನನಿದ್ದಾನೆ ಎಂದುಕೊಳ್ಳಿ. ಅವನು ಉದಾರಿಯೆಂದು ಊರೆಲ್ಲ ನಂಬಿದೆ. ಮಗಳ ಮದುವೆಯ ಊಟದಲ್ಲಿ ಅವನೇ ತುಪ್ಪದ ಗಿಂಡಿ ಹಿಡಿದು ಪಂಕ್ತಿಯ ಮೊದಲಲ್ಲಿ ಕುಳಿತ ಗಣ್ಯರಿಗೆ ಒತ್ತಾಯ ಮಾಡಿ ಬಡಿಸಿ, ಕೊನೆಯಲ್ಲಿ ಕುಳಿತ ಬಡ ನೆಂಟರ ಹತ್ತಿರ ಬರುವ ಹೊತ್ತಿಗೆ ಗಿಂಡಿಯನ್ನು ಬೇರೆಯವರ ಕೈಗೆ ಕೊಟ್ಟು ಕೈ ತೊಳೆಯಲು ಹೋಗಲಿ. ಅವನ ರೇಷ್ಮೆ ಪಂಚೆಯನ್ನು ವರ್ಣಿಸಬೇಕೆಂದಿದ್ದರೆ ಈ ಸಂದರ್ಭದಲ್ಲಿ ವರ್ಣಿಸಿ, ಏಕೆಂದರೆ ತೋರಿಕೆಗೂ ನಡತೆಗೂ ನಡುವಿನ ಅಂತರ ಇಲ್ಲಿ ತೆರೆದುಕೊಳ್ಳುತ್ತದೆ. ಇದಾದ ಮೇಲೆ ಅವನು ಕಪಟಿ ಎಂಬ ವಾಕ್ಯವನ್ನು ಸೇರಿಸಬೇಡಿ. ಓದುಗರು ತಾವೇ ತಲುಪಿದ ತೀರ್ಮಾನವನ್ನು ಲೇಖಕರು ಮತ್ತೆ ಹೇಳಿದರೆ ಅದರ ಬಲ ಕುಗ್ಗುತ್ತದೆ.

ಈಗ ಬರೆದಿಟ್ಟಿರುವ ಕತೆಯೊಂದನ್ನು ತೆಗೆದುಕೊಂಡು, ಪಾತ್ರ ಪ್ರವೇಶಿಸುವ ಕಡೆಯಿರುವ ವರ್ಣನೆಯನ್ನೆಲ್ಲ ಹೊಡೆದುಹಾಕಿ ಪೂರ್ತಿ ಓದಿ ನೋಡಿ. ಮುಂದಿನ ಯಾವುದಾದರೂ ಘಟನೆ ಒಂದು ವಿವರವಿಲ್ಲದೆ ಅರ್ಥವಾಗುವುದಿಲ್ಲ ಎನಿಸಿದರೆ, ಆ ವಿವರವನ್ನು ಮಾತ್ರ ಆ ಘಟನೆಯೊಳಗೇ ಸೇರಿಸಿ.